ಸರ್ಕಾರಿ ಇಲಾಖೆಗಳಿಗೆ ದುಡಿಯುವ ಕನ್ಸಲ್ಟಿಂಗ್ ಕಂಪನಿ ಸೇರಬಹುದಾ? ಒಳಗಿದ್ದವರು ದಯವಿಟ್ಟು ಹೇಳಿ

ಬಸವನಗುಡಿ ಹುಡುಗಿ

ನಮಸ್ಕಾರ ಎಲ್ಲರಿಗೂ. ನಾಲ್ಕು ವರ್ಷದಿಂದ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಡೇಟಾ ಅನಾಲಿಸ್ಟ್ ಆಗಿದ್ದೇನೆ. ಹೋದ ವಾರ ಒಂದು ಕನ್ಸಲ್ಟಿಂಗ್ ಕಂಪನಿಯಿಂದ ಆಫರ್ ಬಂತು. ಅವರ ಸರ್ಕಾರಿ ವಿಭಾಗದಲ್ಲಿ ಕೆಲಸ. ಕೂರುವುದು ಕಂಪನಿ ಆಫೀಸಿನಲ್ಲಿ ಅಲ್ಲ. ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗಿನಲ್ಲಿ, ಒಂದು ಇಲಾಖೆಯ ಪಿಎಂಯು (ಯೋಜನೆ ನೋಡಿಕೊಳ್ಳುವ ತಂಡ) ಒಳಗೆ. ಸಂಬಳ ಈಗಿನದಕ್ಕಿಂತ ಸ್ವಲ್ಪ ಕಡಿಮೆ.

ಅಪ್ಪ ಹಾಸನ ಜಿಲ್ಲೆಯಲ್ಲಿ ಸರ್ಕಾರಿ ಶಾಲೆ ಮೇಷ್ಟ್ರಾಗಿದ್ದವರು. ವಿಷಯ ಹೇಳಿದಾಗ "ಹಾಗಾದ್ರೆ ಇದು ಗೌರ್ಮೆಂಟ್ ಕೆಲಸನಾ?" ಅಂತ ಮೂರು ಸಲ ಕೇಳಿದರು. ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ.

ನನಗೆ ತಿಳಿಯಬೇಕಿರುವುದು ಇಷ್ಟು. ಬೆಳಗ್ಗೆಯಿಂದ ಸಂಜೆವರೆಗೆ ನಿಜಕ್ಕೂ ಏನು ಕೆಲಸ ಇರುತ್ತದೆ? ನಾವು ಬರೆದ ವರದಿಯಿಂದ ಯಾರಿಗಾದರೂ ಉಪಯೋಗ ಆಗುತ್ತದಾ, ಅಥವಾ ಅದು ಬೀರು ಸೇರುತ್ತದಾ? ಎರಡು ವರ್ಷ ಆದಮೇಲೆ ಮತ್ತೆ ಪ್ರೈವೇಟ್ ಕಡೆ ಬರುವುದು ಕಷ್ಟನಾ? ಇಂಟರ್‌ವ್ಯೂನಲ್ಲಿ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳಿದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಒಂಬತ್ತು ವರ್ಷದ ಕಡತ

ಒಂಬತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ, ಎರಡು ಕಂಪನಿಗಳಲ್ಲಿ. ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಮೊದಲು ನಿಮ್ಮ ಅಪ್ಪನ ಪ್ರಶ್ನೆ. ಇದು ಗೌರ್ಮೆಂಟ್ ಕೆಲಸ ಅಲ್ಲ. ಆದರೆ ಮಾಡುವುದೆಲ್ಲ ಗೌರ್ಮೆಂಟಿನ ಕೆಲಸವೇ. ಒಂದು ದೊಡ್ಡ ವ್ಯತ್ಯಾಸ ಇದೆ. ನಿಮಗೆ ಸಹಿ ಇಲ್ಲ. ನೀವು ಟಿಪ್ಪಣಿಯ ಕರಡು ಬರೆಯಬಹುದು. ಸುತ್ತೋಲೆ ಬರೆಯಬಹುದು. ಸಚಿವ ಸಂಪುಟಕ್ಕೆ ಹೋಗುವ ಟಿಪ್ಪಣಿಗೆ ಅಂಕಿ ಜೋಡಿಸಿ ಕೊಡಬಹುದು. ಸಹಿ ಮಾತ್ರ ಬೇರೆಯವರದು. ಕಡತ ಕೇಸ್ ವರ್ಕರ್ ಹತ್ತಿರ ಹುಟ್ಟುತ್ತದೆ. ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಂತ ಮೇಲಕ್ಕೆ ಹತ್ತುತ್ತದೆ. ದುಡ್ಡಿನ ವಿಷಯ ಇದ್ದರೆ ಆರ್ಥಿಕ ಇಲಾಖೆಗೆ ಹೋಗಿ, ಸಹಮತಿ ತಗೊಂಡು ಬರುತ್ತದೆ. ಈ ದಾರಿಯಲ್ಲಿ ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಇದನ್ನು ಮನಸಾರೆ ಒಪ್ಪಿದವರಿಗೆ ಈ ಕೆಲಸ ಹಿಡಿಸುತ್ತದೆ. ಒಪ್ಪದವರು ಬೇಗ ಬಿಟ್ಟು ಹೋಗುವುದನ್ನು ನೋಡಿದ್ದೇನೆ.

ಇದರಲ್ಲಿ ಮೂರು ತರಹದ ಕೆಲಸ ಇದೆ. ಟೆಂಡರ್ ಗೆಲ್ಲುವ ಕೆಲಸ, ಅಧ್ಯಯನ ಅಥವಾ ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆಯುವ ಕೆಲಸ, ಮತ್ತೆ ಪಿಎಂಯು. ನಿಮ್ಮದು ಮೂರನೆಯದು. ಇಲಾಖೆ ಒಂದು ಯೋಜನೆ ನಡೆಸಲು ಹೊರಗಿನ ಐದು, ಹತ್ತು ಜನರನ್ನು ಒಳಗೆ ಕೂರಿಸಿಕೊಳ್ಳುತ್ತದೆ. ಸ್ಮಾರ್ಟ್ ಸಿಟಿ ಮಿಷನ್ 2015ರಲ್ಲಿ ಶುರುವಾದಾಗ ಇಂತಹ ತಂಡಗಳು ಬಹಳ ಹೆಚ್ಚಾದವು. ದಾವಣಗೆರೆ, ಬೆಳಗಾವಿ ಮೊದಲು ಆಯ್ಕೆಯಾದವು. ತುಮಕೂರು, ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ-ಧಾರವಾಡ ಆಮೇಲೆ ಬಂದವು. ಬೆಂಗಳೂರು 2017ರಲ್ಲಿ ಸೇರಿತು. ನಾನು ಈ ಕೆಲಸಕ್ಕೆ ಬಂದದ್ದೇ ಆ ಅಲೆಯಲ್ಲಿ.

ಟೆಂಡರ್ ಬಗ್ಗೆ ನಿಮಗೆ ತಿಳಿದಿರಲೇಬೇಕು. ನಿಮ್ಮ ಕುರ್ಚಿ ಎಷ್ಟು ದಿನ ಇರುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಸರ್ಕಾರ ಏನು ಕೊಳ್ಳಬೇಕಾದರೂ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ ಕಾಯ್ದೆಯ ಪ್ರಕಾರ ಹೋಗಬೇಕು. ಟೆಂಡರ್ ಕರೆಯದೆ ಕೊಡಬೇಕಾದರೆ ಸಾಮಾನ್ಯವಾಗಿ ಅದರ 4(ಜಿ) ಕಲಮಿನ ವಿನಾಯಿತಿ ಬೇಕು. ಆ "ಫೋರ್ ಜಿ" ಅನ್ನುವ ಮಾತು ನಿಮ್ಮ ಕಿವಿಗೆ ಮೊದಲ ವಾರವೇ ಬೀಳುತ್ತದೆ.

ಕನ್ಸಲ್ಟೆಂಟ್ ಆಯ್ಕೆಗೆ ಸಾಮಾನ್ಯವಾಗಿ ಕ್ಯೂಸಿಬಿಎಸ್ ಪದ್ಧತಿ. ಗುಣಕ್ಕೆ ಇಷ್ಟು ಅಂಕ, ದರಕ್ಕೆ ಇಷ್ಟು ಅಂಕ. 70:30 ಅಂತ ಇಟ್ಟುಕೊಳ್ಳಿ. ಒಂದು ಕಂಪನಿಗೆ ತಾಂತ್ರಿಕ ಅಂಕ 90 ಬಂತು, ಅದು 1 ಕೋಟಿ ಕೇಳಿತು. ಇನ್ನೊಂದಕ್ಕೆ 75 ಬಂತು, ಅದು 60 ಲಕ್ಷ ಕೇಳಿತು. ಕಡಿಮೆ ಕೇಳಿದವರಿಗೆ ದರದಲ್ಲಿ ಪೂರ್ತಿ 100, ಮೊದಲನೆಯವರಿಗೆ 60. ಈಗ ಲೆಕ್ಕ ಹಾಕಿ. ಮೊದಲನೆಯದಕ್ಕೆ 63 ಕೂಡಿಸು 18, ಒಟ್ಟು 81. ಎರಡನೆಯದಕ್ಕೆ 52.5 ಕೂಡಿಸು 30, ಒಟ್ಟು 82.5. ಎರಡನೆಯವರು ಗೆದ್ದರು. ಗುಣಕ್ಕೆ 70 ಇಟ್ಟರೂ ದರವೇ ಗೆದ್ದಿತು. ಹೀಗೆ 60 ಲಕ್ಷಕ್ಕೆ ಒಪ್ಪಿಕೊಂಡ ಕಂಪನಿ ಆ ದುಡ್ಡಿನಲ್ಲಿ ಯಾರನ್ನು ಕಳಿಸುತ್ತದೆ? ಹದಿನೈದು ವರ್ಷ ಅನುಭವ ಇರುವವರನ್ನು ಅಲ್ಲ. ಈಗಷ್ಟೇ ಸೇರಿದವರನ್ನು. ನಾನೂ ಹಾಗೇ ಹೋದವನು.

ಇನ್ನು ದಿನದ ಕೆಲಸ. ಜಾಸ್ತಿ ಹೊತ್ತು ಹೋಗುವುದು ಜಿಲ್ಲೆಗಳಿಂದ ಅಂಕಿ ತರಿಸುವುದರಲ್ಲಿ. 31 ಜಿಲ್ಲೆ. ಒಂದೇ ನಮೂನೆ ಕಳಿಸಿರುತ್ತೀರಿ, ಹಿಂದಕ್ಕೆ ಬರುವುದು 31 ತರಹ. ಒಬ್ಬರು ಎಕ್ಸೆಲ್‌ನಲ್ಲಿ, ಒಬ್ಬರು ಪಿಡಿಎಫ್‌ನಲ್ಲಿ, ಒಬ್ಬರು ಕಾಗದದ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ. ಮಧ್ಯಾಹ್ನ ಮೂರಕ್ಕೆ ಸಾಹೇಬರ ವಿಡಿಯೋ ಕಾನ್ಫರೆನ್ಸ್ ಇರುತ್ತದೆ. ಅಷ್ಟರಲ್ಲಿ ಒಂದು ಪುಟದ ಪಟ್ಟಿ ಆಗಬೇಕು. ಆಮೇಲೆ ಸಭೆಯ ನಡವಳಿ, ಅದರ ಅನುಪಾಲನಾ ವರದಿ. ಹೀಗೇ.

ವರ್ಗಾವಣೆ ಬಗ್ಗೆಯೂ ಹೇಳುತ್ತೇನೆ. ನನ್ನ ಎರಡನೇ ಪ್ರಾಜೆಕ್ಟಿನಲ್ಲಿ ಹದಿನಾಲ್ಕು ತಿಂಗಳು ಒಬ್ಬ ಅಧಿಕಾರಿಯ ಜೊತೆ ಕೆಲಸ ಮಾಡಿದೆವು. ಕುಡಿಯುವ ನೀರಿನ ದೂರುಗಳನ್ನು ಒಂದೇ ಕಡೆ ತರುವ ಯೋಜನೆ. ಅವರಿಗೆ ಅದರ ಬಗ್ಗೆ ನಿಜವಾದ ಆಸೆ ಇತ್ತು. ಭಾನುವಾರ ಕೂಡ ಕೂತು ಕರಡು ತಿದ್ದುತ್ತಿದ್ದರು. ಒಂದು ಸಂಜೆ ವರ್ಗಾವಣೆ ಆದೇಶ ಬಂತು. ಮರುದಿನ ಹೊಸಬರು ಬಂದು ಚಾರ್ಜ್ ತಗೊಂಡರು. ಮೊದಲ ಸಭೆಯಲ್ಲಿ "ಇದನ್ನು ಯಾಕೆ ಮಾಡ್ತಿದೀವಿ?" ಅಂತ ಕೇಳಿದರು. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಉತ್ತರ ಹೇಳಬೇಕಾದ ಕೇಸ್ ವರ್ಕರ್‌ಗೆ ನಾವು ಯಾವತ್ತೂ ಅದನ್ನು ವಿವರಿಸಿರಲಿಲ್ಲ. ಮೇಲಿನವರ ಜೊತೆ ಮಾತ್ರ ಮಾತಾಡಿದ್ದೆವು. ಯೋಜನೆ ಅಲ್ಲೇ ನಿಂತಿತು. ಅದು ನಮ್ಮದೇ ತಪ್ಪು. ಇವತ್ತಿಗೂ ಬೇಜಾರಾಗುತ್ತದೆ.

ರಾಗಿಮುದ್ದೆ

ಮೇಲಿನವರು ಹೇಳಿದ್ದು ಪೂರ್ತಿ ಸರಿ. ನಾನು ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಆಫರ್ ಲೆಟರ್‌ನಲ್ಲಿ ನಿಮ್ಮ ಮಾಲೀಕರು ಯಾರು ಅಂತ ನೋಡಿ. ಕಂಪನಿಯದೇ ಪೇರೋಲಾ, ಅಥವಾ ಮಧ್ಯದಲ್ಲಿ ಇನ್ನೊಂದು ಏಜೆನ್ಸಿ ಇದೆಯಾ? ಇಲಾಖೆ ಕಂಪನಿಗೆ ತಿಂಗಳು ತಿಂಗಳು ದುಡ್ಡು ಕೊಡುವುದು ಕೆಲವು ಕಡೆ ಮಾತ್ರ. ಜಾಸ್ತಿ ಕಡೆ ಇಂತಿಂಥ ವರದಿ ಒಪ್ಪಿಗೆಯಾದರೆ ಇಷ್ಟು ಅಂತ ಇರುತ್ತದೆ. ಆರಂಭಿಕ ವರದಿಗೆ ಒಂದು ಕಂತು, ಕರಡಿಗೆ ಒಂದು, ಅಂತಿಮ ವರದಿಗೆ ಒಂದು. ದೊಡ್ಡ ಕಂಪನಿಗಳು ಬಿಲ್ ಬರದಿದ್ದರೂ ಸಂಬಳ ಹಾಕುತ್ತವೆ. ಚಿಕ್ಕ ಕಂಪನಿಗೆ ಅಷ್ಟು ಶಕ್ತಿ ಇರುವುದಿಲ್ಲ. ನಾನಿದ್ದ ಒಂದು ಚಿಕ್ಕ ಕಂಪನಿಯಲ್ಲಿ ಎರಡು ತಿಂಗಳು ಸಂಬಳ ಬರಲಿಲ್ಲ. ನಮ್ಮ ಕರಡು ವರದಿ ಒಪ್ಪುವ ಸಮಿತಿಯ ಸಭೆ ಚುನಾವಣೆಯ ನೀತಿ ಸಂಹಿತೆ ಅಂತ ಮುಂದೆ ಹೋಗಿತ್ತು. ಮನೆ ಬಾಡಿಗೆಗೆ ಅಕ್ಕನ ಹತ್ತಿರ ಕೈಸಾಲ ಮಾಡಿದೆ.

ಮಾರ್ಚ್ ತಿಂಗಳಿಗೆ ರಜೆ ಇಟ್ಟುಕೊಳ್ಳಬೇಡಿ. 31ರೊಳಗೆ ಬಿಲ್ ಖಜಾನೆ-2ಕ್ಕೆ (ರಾಜ್ಯ ಖಜಾನೆಯ ಆನ್ಲೈನ್ ವ್ಯವಸ್ಥೆ) ಹೋಗಬೇಕು ಅಂತ ಎಲ್ಲರೂ ಓಡುತ್ತಿರುತ್ತಾರೆ.

ಮೂರನೇ ಮಹಡಿ

ನಾನು ಟೇಬಲ್‌ನ ಆ ಕಡೆಯವಳು. 18 ವರ್ಷದಿಂದ ಸರ್ಕಾರಿ ನೌಕರಿ. ಎಸ್‌ಡಿಎ ಆಗಿ ಸೇರಿ ಈಗ ಎಫ್‌ಡಿಎ ಆಗಿದ್ದೇನೆ. ಇಲಾಖೆ ಯಾವುದು ಅಂತ ಹೇಳುವುದಿಲ್ಲ.

ಈ ವಿಷಯ ಬಂದಾಗ ನಮಗೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳಲ್ಲಿ 2.5 ಲಕ್ಷಕ್ಕಿಂತ ಜಾಸ್ತಿ ಖಾಲಿ ಇವೆ. ನನ್ನ ಶಾಖೆಯಲ್ಲೇ ಮೂವರು ಮಾಡಬೇಕಾದ ಕೆಲಸ ನಾನೊಬ್ಬಳು ಮಾಡುತ್ತೇನೆ. ಆ ಹುದ್ದೆ ತುಂಬುವುದಿಲ್ಲ, ಅದರ ಬದಲು ಹೊರಗಿನಿಂದ ತಂಡ ಬರುತ್ತದೆ. ಬಂದವರು ನಮ್ಮ ಹತ್ತಿರವೇ ಅಂಕಿ ಕೇಳುತ್ತಾರೆ. ನಾವು ಕೊಟ್ಟ ಅಂಕಿಯನ್ನು ಬಣ್ಣದ ಸ್ಲೈಡ್ ಮಾಡಿ ನಮ್ಮ ಸಾಹೇಬರಿಗೇ ತೋರಿಸುತ್ತಾರೆ. ಸಾಹೇಬರು ಅವರನ್ನು ಹೊಗಳುತ್ತಾರೆ. ನಾವು ಹಿಂದಿನ ಸಾಲಿನಲ್ಲಿ ಕೂತಿರುತ್ತೇವೆ.

ಕೆಲವು ವರ್ಷದ ಹಿಂದೆ ಒಂದು ತಂಡ ಬಂದಿತ್ತು. ಅಂಗನವಾಡಿ ಕಾರ್ಯಕರ್ತೆಯರು ತುಂಬಬೇಕಾದ ಒಂದು ನಮೂನೆ ಮಾಡಿದರು. ಆರು ಪುಟ, ಪೂರ್ತಿ ಇಂಗ್ಲಿಷ್. ನಾನು ಬೇಡ ಅಂದೆ. "ಮೇಡಂ, ಇದು ಸ್ಟ್ಯಾಂಡರ್ಡ್" ಅಂದರು. ತುಂಬಿ ಬಂದಾಗ "ಮನೆಯಿಂದ ನೀರಿಗೆ ಎಷ್ಟು ದೂರ" ಅನ್ನುವ ಜಾಗದಲ್ಲಿ ಒಬ್ಬರು ಮೀಟರ್ ಬರೆದಿದ್ದಾರೆ, ಒಬ್ಬರು ನಿಮಿಷ, ಒಬ್ಬರು "ಹತ್ತಿರ" ಅಂತ ಬರೆದಿದ್ದಾರೆ. ಅವರದೇನು ತಪ್ಪು? ಪ್ರಶ್ನೆಯೇ ಅರ್ಥ ಆಗಿರಲಿಲ್ಲ. ಮತ್ತೆ ಕನ್ನಡದಲ್ಲಿ ಮಾಡಿ, ಮತ್ತೆ ಕಳಿಸಿ, ಮತ್ತೆ ತರಿಸಿದ್ದು ನಾವು. ಆ ಹೆಣ್ಣುಮಕ್ಕಳು ಒಂದೇ ಕೆಲಸ ಎರಡು ಸಲ ಮಾಡಿದರು. ಅದಕ್ಕೆ ಅವರಿಗೆ ಒಂದು ರೂಪಾಯಿ ಜಾಸ್ತಿ ಸಿಗಲಿಲ್ಲ.

ಆದರೆ ಅದೇ ತಂಡದಲ್ಲಿ ಒಬ್ಬ ಹುಡುಗ ಇದ್ದ. ಮೂರು ವಾರ ದಿನಾ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ. ಕಡತ ಹೇಗೆ ಮಂಡಿಸುತ್ತಾರೆ, ಹಿಂದಿನ ಆದೇಶ ಎಲ್ಲಿ ಹುಡುಕಬೇಕು, ಯಾವ ವಿಷಯಕ್ಕೆ ಯಾರ ಅಭಿಪ್ರಾಯ ಬೇಕು, ಎಲ್ಲಾ ಕೇಳಿ ಕಲಿತ. ಹೋಗುವಾಗ ನನಗೆ ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಕಲಿಸಿ ಹೋದ. ನಾನು ಈಗಲೂ ಅದರಲ್ಲೇ ತಿಂಗಳ ವರದಿ ಮಾಡುತ್ತೇನೆ. ನೀವು ಬರುವುದಾದರೆ ಆ ಹುಡುಗನ ಹಾಗೆ ಬನ್ನಿ ತಂಗಿ.

ಒಂಬತ್ತು ವರ್ಷದ ಕಡತ

ಮೇಡಂ, ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಬೇರೆ ಮಾತಿಲ್ಲ. ಆರು ಪುಟದ ನಮೂನೆಗಳನ್ನು ನಾನೂ ಮಾಡಿದ್ದೇನೆ.

ಕನ್ನಡದ ಮಾತು ಬಂತಲ್ಲ, ಬಸವನಗುಡಿಯವರಿಗೆ ಒಂದು ಉಪಯೋಗದ ವಿಷಯ ಹೇಳುತ್ತೇನೆ. ನೀವು ಡೇಟಾದವರು, ನಿಮಗೆ ಮೊದಲ ದಿನವೇ ಇದು ಎದುರಾಗುತ್ತದೆ. ಇಲಾಖೆಗಳಲ್ಲಿ ಹಳೆಯ ಕನ್ನಡ ಕಡತಗಳು ಬಹಳಷ್ಟು ನುಡಿ ಫಾಂಟಿನಲ್ಲಿ ಇವೆ. ನುಡಿ ಕನ್ನಡ ಗಣಕ ಪರಿಷತ್ತು ಮಾಡಿದ್ದು. ಕಚೇರಿಗಳ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಹರಡಲು ಅದು ಬಹಳ ನೆರವಾಯಿತು, ಅದರ ಉಪಕಾರ ದೊಡ್ಡದು. ಆದರೆ ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಅಕ್ಷರ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಚಿಹ್ನೆಗಳು. ಹಾಗೇ ಡೇಟಾಬೇಸಿಗೆ ಹಾಕಿದರೆ ಹುಡುಕಲು ಆಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲು ಆಗುವುದಿಲ್ಲ. ಪರಿವರ್ತಕ ಬಳಸಬಹುದು. ಆದರೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕಣ್ಣಿಟ್ಟು ನೋಡಿ. "ಕಾರ್ಯ" ಅನ್ನುವ ಪದ ಪರಿವರ್ತನೆ ಆದಮೇಲೆ ಏನಾಗಿದೆ ಅಂತ ಮೊದಲು ಹುಡುಕಿ. ಅದು ಸರಿ ಬಂದಿದ್ದರೆ ಜಾಸ್ತಿ ಪದಗಳು ಸರಿ ಬಂದಿರುತ್ತವೆ.

ಇನ್ನೊಂದು, ಊರಿನ ಹೆಸರು. ಹೊಸಹಳ್ಳಿ ಎಷ್ಟು ತಾಲ್ಲೂಕಿನಲ್ಲಿ ಇಲ್ಲ ಹೇಳಿ? ಒಂದೇ ತಾಲ್ಲೂಕಿನಲ್ಲೂ ಎರಡು ಇರಬಹುದು. ಇಂಗ್ಲಿಷಿನಲ್ಲಿ ಬರೆದಾಗ ಒಬ್ಬರು ಒಂದು ಎಸ್, ಇನ್ನೊಬ್ಬರು ಎರಡು ಎಸ್ ಹಾಕಿರುತ್ತಾರೆ. ಹೆಸರಿನ ಮೇಲೆ ಎರಡು ಪಟ್ಟಿ ಜೋಡಿಸಿದರೆ ಯಾರದೋ ಊರಿನ ದುಡ್ಡು ಯಾರದೋ ಊರಿನ ಲೆಕ್ಕಕ್ಕೆ ಹೋಗುತ್ತದೆ. ಕೇಂದ್ರದ ಎಲ್‌ಜಿಡಿ ಅನ್ನುವ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೆ, ಪ್ರತಿ ಪಂಚಾಯಿತಿಗೆ ಒಂದು ಸಂಖ್ಯೆ ಇದೆ. ಮೊದಲು ಆ ಸಂಖ್ಯೆ ಹಾಕಿಸಿ, ಆಮೇಲೆ ಉಳಿದದ್ದು. ಇದಕ್ಕೆ ಒಂದು ತಿಂಗಳು ಹಿಡಿದರೂ ಪರವಾಗಿಲ್ಲ. ಮೇಲಿನವರು ಅವಸರ ಮಾಡುತ್ತಾರೆ, ಆದರೂ ಬಿಡಬೇಡಿ.

ಕಬ್ಬನ್ ಪಾರ್ಕ್ ನಡಿಗೆ

ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ. ನಾಲ್ಕನೆಯದು 2019ರಿಂದ ಬಂತು. ನಿಮ್ಮ ಕಂಪನಿ ಯಾವ ಕ್ಯಾಲೆಂಡರ್ ನೋಡುತ್ತದೆ ಅಂತ ಕೇಳಿಕೊಳ್ಳಿ. ನಮಗೆ ಎರಡು ವರ್ಷ ಕಂಪನಿಯ ರಜೆಯೂ ಸಿಗಲಿಲ್ಲ, ಸರ್ಕಾರದ ರಜೆಯೂ ಸಿಗಲಿಲ್ಲ.

ಬಿಟ್ಟು ಬಂದವಳು

ನಾನು ಸಾರಿಗೆ ಯೋಜನೆ ಓದಿದವಳು. ಐದು ವರ್ಷ ಇಂಥ ಒಂದು ಕಂಪನಿಯಲ್ಲಿದ್ದೆ. ಯಾಕೆ ಬಿಟ್ಟೆ ಅಂತ ಮೊದಲ ಸಲ ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ರಸ್ತೆಯ ಡಿಪಿಆರ್. ಏಳು ದಿನ ಸಂಚಾರ ಎಣಿಕೆ ಮಾಡಿಸಿದೆವು. ಪದ್ಧತಿಯಂತೆ ಗಾಡಿಗಳನ್ನು ಎಣಿಸಿದರು. ನಾನು ಹಟ ಹಿಡಿದು ನಡೆಯುವವರನ್ನೂ ಎಣಿಸಿಸಿದೆ. ಹತ್ತಿರದಲ್ಲಿ ಗಾರ್ಮೆಂಟ್ ಫ್ಯಾಕ್ಟರಿಗಳಿವೆ. ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಆ ರಸ್ತೆಯಲ್ಲಿ ನಡೆದು ಹೋಗುವ ಹೆಣ್ಣುಮಕ್ಕಳು ಕಾರಿನಲ್ಲಿ ಹೋಗುವವರಿಗಿಂತ ಜಾಸ್ತಿ ಇದ್ದರು. ನಾನೇ ನಿಂತು ನೋಡಿದ್ದೇನೆ. ಟಿಫನ್ ಬಾಕ್ಸ್ ಹಿಡಿದು, ರಸ್ತೆ ಅಂಚಿನಲ್ಲಿ ಸಾಲಾಗಿ, ಬಸ್ಸಿನ ಹಾರ್ನ್‌ಗೆ ಒಟ್ಟಿಗೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತಿದ್ದರು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿ ಇದೆ. ಫುಟ್‌ಪಾತಿನಲ್ಲಿ ಅಡ್ಡಿ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಬೇಕು ಅನ್ನುತ್ತದೆ. ಮೊದಲ ಕರಡಿನಲ್ಲಿ ಅದನ್ನೇ ಹಾಕಿದೆ. ಸಭೆಯಲ್ಲಿ ಇನ್ನೊಂದು ಲೇನ್ ಬೇಕು ಅಂದರು. ನನ್ನ ಮ್ಯಾನೇಜರ್ ಹೊರಗೆ ಬಂದು "ಕ್ಲೈಂಟ್ ಹೇಳಿದಂತೆ ಮಾಡು, ಅವರೇ ಸಹಿ ಹಾಕೋದು" ಅಂದರು. ಅಂತಿಮ ನಕ್ಷೆಯಲ್ಲಿ 1.2 ಮೀಟರ್ ಉಳಿಯಿತು. ಅದರಲ್ಲೇ ವಿದ್ಯುತ್ ಕಂಬ, ಅದರಲ್ಲೇ ಟ್ರಾನ್ಸ್‌ಫಾರ್ಮರ್.

ಸಹಿ ಅವರದೇ, ನಿಜ. ಆದರೆ ಆ ನಕ್ಷೆ ಎಳೆದದ್ದು ನನ್ನ ಕೈ. ಒಂಬತ್ತು ವರ್ಷದವರು ನಮಗೆ ಸಹಿ ಇಲ್ಲ ಅಂದರು. ಸಹಿ ಇಲ್ಲದಿದ್ದರೆ ಜವಾಬ್ದಾರಿ ಇಲ್ಲ ಅಂತ ಆಗುವುದಿಲ್ಲ ಅಲ್ವಾ? ನನಗೆ ಆ ರಸ್ತೆಯಲ್ಲಿ ಈಗಲೂ ಆಟೋದಲ್ಲಿ ಹೋಗಲು ಮನಸ್ಸಾಗುವುದಿಲ್ಲ.

ಒಂದು ಕೆಲಸ ಮಾಡಿದ್ದೇನೆ. ನಡೆಯುವವರ ಎಣಿಕೆಯನ್ನು ಗಂಟೆ ಗಂಟೆಗೂ ಬಿಡಿಸಿ ಅನುಬಂಧದಲ್ಲಿ ಉಳಿಸಿದ್ದೇನೆ. ಅದನ್ನು ಯಾರೂ ತೆಗೆಯಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಯಾರಾದರೂ ಆ ವರದಿ ಕೇಳಿದರೆ ಎಣಿಕೆ ಅದರೊಳಗೆ ಇದೆ. ನೀವು ಸೇರಿದರೆ ನಿಮ್ಮ ಮೂಲ ಅಂಕಿಯನ್ನು ಯಾವತ್ತೂ ಅನುಬಂಧದಿಂದ ಬಿಡಬೇಡಿ.

ಒಂಬತ್ತು ವರ್ಷದ ಕಡತ

ಜವಾಬ್ದಾರಿ ಇಲ್ಲ ಅನ್ನುವ ಅರ್ಥದಲ್ಲಿ ನಾನು ಹೇಳಿರಲಿಲ್ಲ. ಆದರೆ ನನ್ನ ಮಾತು ಹಾಗೆ ಕೇಳಿಸಿದ್ದರೆ ಅದು ನಾನು ಬರೆದದ್ದರ ತಪ್ಪು. ನಿಮ್ಮ ಮಾತು ಸರಿ.

ದೂರದ ಕನ್ನಡಿಗ

ಬೆಂಗಳೂರು ಬಿಟ್ಟು ಹನ್ನೊಂದು ವರ್ಷ. ಈಗ ಅಮೆರಿಕದ ವರ್ಜೀನಿಯಾದಲ್ಲಿ ಇದ್ದೇನೆ. ಇಲ್ಲಿ ವಾಷಿಂಗ್ಟನ್ ಸುತ್ತಮುತ್ತ ಇದೊಂದು ದೊಡ್ಡ ಉದ್ಯೋಗ. ಕೇಂದ್ರ ಸರ್ಕಾರದ ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ನಿಮ್ಮ ಮಾರ್ಚಿನ ಓಟ ಇಲ್ಲಿ ಸೆಪ್ಟೆಂಬರಿನಲ್ಲಿ. ರಕ್ಷಣೆಯಂತಹ ಕಡೆ ಸೆಕ್ಯುರಿಟಿ ಕ್ಲಿಯರೆನ್ಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ಅದು ಸಿಗಲು ತಿಂಗಳುಗಟ್ಟಲೆ ಕಾಯಬೇಕು.

ನೌಕರ ಮತ್ತು ಕನ್ಸಲ್ಟೆಂಟ್ ನಡುವಿನ ಗೆರೆ ಇಲ್ಲೂ ಅಷ್ಟೇ ಗಟ್ಟಿ. ಬಜೆಟ್ ಪಾಸಾಗದೆ ಸರ್ಕಾರ ಮುಚ್ಚಿದಾಗ ಅದು ಎದ್ದು ಕಾಣುತ್ತದೆ. 2018ರ ಕೊನೆಯಿಂದ 2019ರ ಜನವರಿವರೆಗೆ 35 ದಿನ ಮುಚ್ಚಿತ್ತು. 2025ರಲ್ಲಿ 43 ದಿನ. ಸರ್ಕಾರಿ ನೌಕರರಿಗೆ ಆ ದಿನಗಳ ಸಂಬಳ ಆಮೇಲೆ ಕೊಡಬೇಕು ಅಂತ 2019ರಲ್ಲಿ ಕಾನೂನು ಮಾಡಿದರು. ಕಾಂಟ್ರಾಕ್ಟ್ ಕಂಪನಿಯವರಿಗೆ ಅದು ಇಲ್ಲ. ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಕೂತು ಮಾಡಿದ ಕೆಲಸವೇ. ನನ್ನ ಪಕ್ಕದ ಟೇಬಲಿನ ಗೆಳೆಯ ಆಗ ಕಾರಿನ ಕಂತು ಕಟ್ಟಲು ತುಂಬ ಕಷ್ಟಪಟ್ಟ.

ಹಾಸನ ಪ್ಯಾಸೆಂಜರ್

ಎಲ್ಲರೂ ಬೇಜಾರಿನದನ್ನೇ ಬರೆಯುತ್ತಿದ್ದೀರಿ. ಕರ್ನಾಟಕದಲ್ಲಿ ಆಡಳಿತ ಸುಧಾರಣೆ ಆಗಿಯೇ ಇಲ್ಲವೇ? ಭೂಮಿ ಯೋಜನೆ ನೋಡಿ. 2000ದ ದಶಕದ ಮೊದಲ ವರ್ಷಗಳಲ್ಲೇ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂತು. ಆಗ 15 ರೂಪಾಯಿ ಕೊಟ್ಟರೆ ಕಿಯೋಸ್ಕಿನಲ್ಲಿ ಪಹಣಿ ಸಿಗುತ್ತಿತ್ತು. ಅದಕ್ಕೆ ಮುಂಚೆ ಒಂದು ಪಹಣಿಗೆ ಶಾನುಭೋಗರ ಹಿಂದೆ ಎಷ್ಟು ಅಲೆಯಬೇಕಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ಸಕಾಲ ಕಾಯ್ದೆ 2011ರಲ್ಲಿ ಆಯಿತು, 2012ರಲ್ಲಿ ಜಾರಿಗೆ ಬಂತು. ಅರ್ಜಿ ಕೊಟ್ಟರೆ ಒಂದು ಸಂಖ್ಯೆ, ಇಂತಿಷ್ಟು ದಿನ ಅಂತ ಗಡುವು. ಇದೆಲ್ಲ ಯಾರೋ ಕೂತು ಬರೆದದ್ದೇ ಅಲ್ವಾ?

ಮೂರನೇ ಮಹಡಿ

ಹೌದು ಸರ್, ಬರೆದದ್ದೇ. ಆದರೆ ಭೂಮಿಯನ್ನು ಮಾಡಿದವರು ಕಂದಾಯ ಇಲಾಖೆಯವರು ಮತ್ತು ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿಯವರು. ಹಳ್ಳಿ ಲೆಕ್ಕಿಗರು ಒಂದೊಂದು ಪುಸ್ತಕ ಹಿಡಿದು ಕೂತು ತಾಳೆ ನೋಡಿದ್ದಾರೆ. ಮನೆಯ ಒಡೆಯರು ಮನೆಯಲ್ಲೇ ಇದ್ದರು, ಅದಕ್ಕೇ ನಿಂತಿತು. ಕನ್ಸಲ್ಟೆಂಟ್ ಬೇಡ ಅನ್ನುತ್ತಿಲ್ಲ ನಾನು. ಅವರು ಹೋದ ಮೇಲೆ ನಡೆಸುವವರು ಇಲಾಖೆಯಲ್ಲಿ ಇರಬೇಕು. ಪಾಸ್‌ವರ್ಡ್ ಕೂಡ ಕೊಡದೆ ಹೋದ ತಂಡಗಳನ್ನು ನೋಡಿದ್ದೇನೆ.

ಬಸವನಗುಡಿ ಹುಡುಗಿ

ಇಷ್ಟೊಂದು ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಎರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಅಂಗನವಾಡಿಯ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಅವರ ಕಾಲದಲ್ಲಿ ಶಾಲೆಗೆ ಬರುತ್ತಿದ್ದ ನಮೂನೆಗಳ ಬಗ್ಗೆ ಒಂದು ಗಂಟೆ ಮಾತಾಡಿದರು.

ಬಿಟ್ಟು ಬಂದವರೇ, ನಿಮ್ಮ ಬರಹ ಮನಸ್ಸಿಗೆ ತಾಗಿತು. ಸೇರಬೇಕು ಅಂತಲೇ ಅನಿಸುತ್ತಿದೆ. ಆದರೆ ಭಯವೂ ಇದೆ. ಒಂದೇ ಪ್ರಶ್ನೆ ಉಳಿದಿದೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಚೆನ್ನಾಗಿ ಓದುತ್ತೇನೆ, ಮಾತಾಡುತ್ತೇನೆ. ಸರ್ಕಾರಿ ಕನ್ನಡ ಬರೆಯುವುದು ಹೇಗೆ ಕಲಿಯಲಿ?

ನಿವೃತ್ತ ಶಾಖಾಧಿಕಾರಿ

ಈ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ಮೂವತ್ತಮೂರು ವರ್ಷ ಇದೇ ಬರೆದಿದ್ದೇನೆ.

ಯಾವುದಾದರೂ ಸರ್ಕಾರಿ ಆದೇಶ ತೆಗೆದುಕೊಳ್ಳಿ. ಮೇಲೆ "ಕರ್ನಾಟಕ ಸರ್ಕಾರದ ನಡವಳಿಗಳು" ಅಂತ ಇರುತ್ತದೆ. ಆಮೇಲೆ ವಿಷಯ. ಆಮೇಲೆ "ಓದಲಾಗಿದೆ", ಅದರ ಕೆಳಗೆ ಹಿಂದಿನ ಆದೇಶಗಳು, ಪತ್ರಗಳು. ಆಮೇಲೆ "ಪ್ರಸ್ತಾವನೆ". ಅದರಲ್ಲಿ ಈವರೆಗೆ ಏನಾಯಿತು, ಈಗ ಏನು ಬೇಕು, ಯಾಕೆ ಬೇಕು. ಕೊನೆಗೆ ಆದೇಶ ಸಂಖ್ಯೆ, ಆದೇಶದ ಮಾತು, "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಸಹಿ.

ಹೊಸಬರು ಆದೇಶದ ಭಾಗ ಮಾತ್ರ ಓದುತ್ತಾರೆ. ನೀವು "ಓದಲಾಗಿದೆ" ಭಾಗದಿಂದ ಶುರು ಮಾಡಿ. ಅದರಲ್ಲಿರುವ ಒಂದೊಂದು ಪತ್ರವನ್ನೂ ಹುಡುಕಿ ಓದಿ. ಆ ವಿಷಯದ ಪೂರ್ತಿ ಚರಿತ್ರೆ ಅಲ್ಲಿರುತ್ತದೆ. ಹೀಗೆ ಹತ್ತು ಆದೇಶ ಓದಿದರೆ ಭಾಷೆ ತಾನಾಗಿ ಕೈಗೆ ಬರುತ್ತದೆ. ಟಿಪ್ಪಣಿ ಬರೆಯುವಾಗ ಪ್ರತಿ ಪ್ಯಾರಾಕ್ಕೆ ಸಂಖ್ಯೆ ಹಾಕಿ. ಒಂದು ಪ್ಯಾರಾದಲ್ಲಿ ಒಂದೇ ವಿಷಯ ಇರಲಿ. ಮೇಲಿನವರು "ಪ್ಯಾರಾ 6 ಒಪ್ಪಿದೆ" ಅಂತ ಬರೆಯಲು ಆಗುವಂತೆ ಇರಬೇಕು. ಮತ್ತೆ, ಕಷ್ಟದ ಪದ ಹಾಕಿದರೆ ಸರ್ಕಾರಿ ಕನ್ನಡ ಆಗುತ್ತದೆ ಅಂತ ತಿಳಿಯಬೇಡಿ. ನಾವೇ ಹಾಗೆ ಬರೆದು ಜನರಿಗೆ ತೊಂದರೆ ಕೊಟ್ಟಿದ್ದೇವೆ. ತಾಲ್ಲೂಕಿನಲ್ಲಿ ಓದುವವರಿಗೆ ಅರ್ಥವಾದರೆ ಸಾಕು.

ರಾಗಿಮುದ್ದೆ

ವಾಪಸ್ ಪ್ರೈವೇಟ್ ಕಡೆ ಹೋಗುವ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಮೂರು ವರ್ಷದ ನಂತರ ಹೋದೆ. ಎರಡು ವರ್ಷಕ್ಕೆ ತೊಂದರೆ ಆಗುವುದಿಲ್ಲ. ಕೋಡ್ ಬರೆಯುವ ಅಭ್ಯಾಸ ಮಾತ್ರ ಬಿಡಬೇಡಿ.

ಬಸವನಗುಡಿ ಹುಡುಗಿ (ನಾಲ್ಕು ತಿಂಗಳ ನಂತರ)

ಹಳೆಯ ಚರ್ಚೆಯನ್ನು ಮೇಲೆ ತರುತ್ತಿದ್ದೇನೆ. ಸೇರಿದೆ. ಆಗಸ್ಟಿನಲ್ಲಿ.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿಯುತ್ತೇನೆ. ಔಟರ್ ರಿಂಗ್ ರೋಡಿನ ಎರಡು ಗಂಟೆ ಉಳಿಯಿತು. ಪೇರೋಲ್ ಕಂಪನಿಯದೇ, ಮೊದಲೇ ಕೇಳಿಕೊಂಡೆ.

ಮೊದಲ ತಿಂಗಳು ಪೂರ್ತಿ ನಮ್ಮ ಕೇಸ್ ವರ್ಕರ್ ಪಕ್ಕ ಕೂತೆ. ಅವರು ಮೊದಮೊದಲು ಜಾಸ್ತಿ ಮಾತಾಡಲಿಲ್ಲ. ಹಿಂದೆ ಬಂದ ತಂಡಗಳು ಅವರಿಗೆ ಬೇಸರ ತಂದಿದ್ದವು ಅಂತ ಆಮೇಲೆ ಗೊತ್ತಾಯಿತು. ನಾನು ಹಳೆಯ ಆದೇಶಗಳನ್ನು ಓದುತ್ತಾ, ಅರ್ಥವಾಗದ್ದನ್ನು ಕೇಳುತ್ತಾ ಹೋದೆ. ಎರಡನೇ ವಾರ ಒಂದು ಆದೇಶದ "ಓದಲಾಗಿದೆ" ಭಾಗದಲ್ಲಿ ಒಂದು ಪತ್ರದ ದಿನಾಂಕ ತಪ್ಪಾಗಿರುವುದು ಕಂಡಿತು. ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇದನ್ನ ನೀನು ಓದಿದ್ಯಾ?" ಅಂದರು. ಅವತ್ತಿನಿಂದ ಮಧ್ಯಾಹ್ನದ ಚಹಾಕ್ಕೆ ನನ್ನನ್ನೂ ಕರೆಯುತ್ತಾರೆ.

ಈಗ ನಮ್ಮ ಯೋಜನೆಯ ಪಂಚಾಯಿತಿ ಪಟ್ಟಿಗೆ ಎಲ್‌ಜಿಡಿ ಸಂಖ್ಯೆ ಹಾಕುತ್ತಿದ್ದೇವೆ. ಅವರಿಗೆ ಊರುಗಳು ಬಾಯಿಪಾಠ. ಎರಡು ಹೊಸಹಳ್ಳಿ ಎದುರಾದರೆ ಯಾವುದು ಯಾವ ಹೋಬಳಿ ಅಂತ ಹೇಳುವವರು ಅವರು. ಸಂಖ್ಯೆ ಹುಡುಕಿ ಹಾಕುವವಳು ನಾನು. 31ರಲ್ಲಿ 19 ಜಿಲ್ಲೆ ಮುಗಿದಿದೆ. ಹೊಸ ನಮೂನೆಯೊಂದನ್ನು ಕನ್ನಡದಲ್ಲೇ ಮಾಡಿ, ಮೊದಲು ಇಬ್ಬರು ಪಿಡಿಒಗಳಿಂದ ತುಂಬಿಸಿ ನೋಡಿದೆವು. ಮೂರು ಪ್ರಶ್ನೆ ಬದಲಾಯಿಸಬೇಕಾಯಿತು.

ಈಗ ಸಹಾಯ ಬೇಕು. ಚಳಿಗಾಲದ ಅಧಿವೇಶನಕ್ಕೆ ನಮ್ಮ ತಂಡದಿಂದ ನಾನು ಬೆಳಗಾವಿಗೆ ಹೋಗಬೇಕಂತೆ. ಚುಕ್ಕೆ ಗುರುತಿನ ಪ್ರಶ್ನೆಗಳಿಗೆ, ಅಂದರೆ ಸದನದಲ್ಲಿ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರಿಸಬೇಕಾದವಕ್ಕೆ, ಅಂಕಿ ಕೊಡಲು. ಯಾರಾದರೂ ಹೋಗಿದ್ದೀರಾ? ಏನು ತಗೊಂಡು ಹೋಗಲಿ, ಎಲ್ಲಿ ಉಳಿಯಲಿ?

ಮೂರನೇ ಮಹಡಿ

ತುಂಬ ಸಂತೋಷ ಆಯಿತು ತಂಗಿ. ಸುವರ್ಣ ವಿಧಾನಸೌಧ ಊರ ಹೊರಗೆ, ಹೈವೇ ಪಕ್ಕ. ಊರೊಳಗೆ ಉಳಿದರೆ ಬೆಳಗ್ಗೆ ಬೇಗ ಹೊರಡಬೇಕು. ಇಲಾಖೆಯವರ ಗಾಡಿಯಲ್ಲಿ ಜಾಗ ಇದೆಯಾ ಅಂತ ಈಗಲೇ ಕೇಳಿಟ್ಟುಕೋ. ರೂಮು ಸಿಗುವುದು ಕಷ್ಟ, ಇವತ್ತೇ ನೋಡು. ಸ್ವೆಟರ್ ತಗೊಂಡು ಹೋಗು, ಡಿಸೆಂಬರಿನಲ್ಲಿ ಅಲ್ಲಿ ಚಳಿ ಜಾಸ್ತಿ. ಐದು ವರ್ಷದ ಜಿಲ್ಲಾವಾರು ಪಟ್ಟಿಯನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಇಟ್ಟುಕೋ. ಪ್ರಶ್ನೆ ಬಂದ ಹೊತ್ತಿಗೆ ನೆಟ್‌ವರ್ಕ್ ನಂಬಬೇಡ.

ಒಂಬತ್ತು ವರ್ಷದ ಕಡತ

ಪೂರಕ ಪ್ರಶ್ನೆಗಳು ತಾಲ್ಲೂಕಿನ ಮೇಲೆ ಬರುತ್ತವೆ. ಜಿಲ್ಲೆ ಪಟ್ಟಿ ಸಾಲುವುದಿಲ್ಲ, ತಾಲ್ಲೂಕುವಾರು ಪಟ್ಟಿಯನ್ನೂ ಇಟ್ಟುಕೊಳ್ಳಿ. ಉಳಿದ 12 ಜಿಲ್ಲೆಗೆ ಹಳೆಯ ಪಟ್ಟಿಯನ್ನೇ ಒಯ್ಯಿರಿ, ಆದರೆ ಯಾವುದು ತಾಳೆ ನೋಡಿದ್ದು, ಯಾವುದು ನೋಡಿಲ್ಲ ಅಂತ ಬೇರೆ ಬಣ್ಣದಲ್ಲಿ ಗುರುತು ಹಾಕಿ.